ಹಾಗಲಕಾಯಿ ಪಲ್ಯ ಮತ್ತು ರಬ್ಬರ್ ಕೈ

“ಎಲೆ ಮಡಚು, ಇಂದೂ! ಪಲ್ಯ ಒಳಗಿಟ್ಟೇ ಮಡಚು!” ತಾವೇ ಮಾಡಿದ ಹೊಸ ಯಂತ್ರದ ಪಕ್ಕ ಚಂದ್ರಮೌಳಿ ಎದೆಯುಬ್ಬಿಸಿ ನಿಂತರು.

ಹೆಂಡತಿ ಇಂದುಮತಿ ಬಾಳೆಎಲೆ ಮಡಚಿದ್ದೇ ತಡ, ಊಟದ ಮೇಜಿನ ಅಂಚಿನಿಂದ ಒಂದು ರಬ್ಬರ್ ಕೈ ಎದ್ದು ಬಂತು. ಎಲೆ ಬಿಡಿಸಿತು. “ಹುರುಳಿಕಾಯಿ ಉಳಿದಿದೆ. ನಾರಿನಂಶ ಹೊಟ್ಟೆಗೆ ಒಳ್ಳೆಯದು!” ಎನ್ನುತ್ತಾ ಪಲ್ಯವನ್ನೆಲ್ಲ ಅವಳ ಬಾಯಿಗೆ ತುರುಕಿತು.

“ತರಕಾರಿ ಬಚ್ಚಿಡೋರ ಕಾಲ ಮುಗೀತು ಕಣೇ!”

“ರೀ, ಮಧ್ಯಾಹ್ನ ಮಗಳು ಮೃದುಲನ ಗಂಡಿನ ಕಡೆಯೋರು ಊಟಕ್ಕೆ ಬರ್ತಿದ್ದಾರೆ. ಆಮೇಲೆ ತಾಂಬೂಲ ಬದಲಾಯಿಸ್ಕೊಂಡ್ರೆ ಮದುವೆ ಗಟ್ಟಿ. ದಮ್ಮಯ್ಯ, ಈ ಭೂತಾನ ಆಫ್ ಮಾಡಿ!”

“ಆಯ್ತು ಮಾರಾಯ್ತಿ.”

ಆಮೇಲೆ ಮರೆತರು. ಮರೆತರೋ, ಮರೆತಂತೆ ಮಾಡಿದರೋ, ಇಂದುಮತಿಗೆ ಇವತ್ತಿಗೂ ಅನುಮಾನವಿದೆ.

ಗಂಡಿನ ತಾಯಿ ವಿಶಾಲಾಕ್ಷಮ್ಮನವರು ಎಲೆಯ ಮುಂದೆ ಕೂತೊಡನೆ ಭಾಷಣ ಶುರುಮಾಡಿದರು. “ನಮ್ಮನೇಲಿ ದಿನಾ ಸೊಪ್ಪು, ತರಕಾರಿ, ಹಣ್ಣು. ನಮ್ಮೆಜಮಾನ್ರ ಬಿ.ಪಿ. ಇಳಿದಿದ್ದೇ ಅದರಿಂದ. ತರಕಾರಿ ಬಿಡೋ ಮನೆಯೋರ ಜೊತೆ ನಾನು ಸಂಬಂಧ ಬೆಳೆಸೋಳೇ ಅಲ್ಲ!”

ಇಂದುಮತಿ ಕದ್ದು ಮೇಜಿನ ಅಂಚು ನೋಡಿದಳು. ವಿಶಾಲಾಕ್ಷಮ್ಮನವರ ಪಕ್ಕದಲ್ಲಿ ಅವರ ಯಜಮಾನರು ಶ್ರೀಕಂಠಯ್ಯ ತಲೆ ತಗ್ಗಿಸಿ ಹಾಗಲಕಾಯಿ ಪಲ್ಯ ನುಂಗುತ್ತಿದ್ದರು.

ಊಟ ಮುಗಿಸಿ ಅವರೇ ಮೊದಲು ಎಲೆ ಮಡಚಿದರು. ರಬ್ಬರ್ ಕೈ ಎದ್ದಿತು! “ಕರಿಬೇವು ಉಳಿದಿದೆ. ಕೂದಲಿಗೆ ಒಳ್ಳೆಯದು!”

ಶ್ರೀಕಂಠಯ್ಯ ತಮ್ಮ ಬೋಳುತಲೆ ಸವರಿಕೊಂಡರು. “ನನಗೆ ತಡವಾಯ್ತಲ್ಲಪ್ಪಾ!”

“ರೀ, ಆಫ್ ಮಾಡ್ರೀ!” ಇಂದುಮತಿ ಗಂಡನಿಗೆ ಕೂಗಿದಳು.

“ಆಗಲ್ಲ ಕಣೇ! ಎಲೆ ಮೇಲೆ ಹಸಿರು ಉಳಿದಿರೋವರೆಗೂ ಆಫ್ ಆಗಬಾರದು ಅಂತ ನಾನೇ ಮಾಡಿರೋದು!”

ಅಷ್ಟರಲ್ಲಿ ಮತ್ತೊಂದು ಕೈ ವಿಶಾಲಾಕ್ಷಮ್ಮನವರ ಎಲೆಗೆ ಬಂತು. ಅವರು ಮಡಚಿದರು, ಅದು ಬಿಡಿಸಿತು. ಅವರು ಮತ್ತೆ ಮಡಚಿ ಮೊಣಕೈ ಊರಿದರು. ಕೈ ಮೊಣಕೈಗೆ ಕಚಗುಳಿಯಿಟ್ಟು ಎಲೆಯನ್ನು ಪೂರ್ತಿ ಬಿಡಿಸಿತು. ಒಳಗೆ ಬಡಿಸಿದ ಹಾಗಲಕಾಯಿ ಪಲ್ಯ ಹಾಗೇ ಇತ್ತು, ಒಂದು ಚೂರೂ ಮುಟ್ಟಿರಲಿಲ್ಲ!

ಇಂದುಮತಿಗೆ ಅಳುವೇ ಬಂತು. ಮಗಳ ಮದುವೆ ಹಾಗಲಕಾಯಿಯಲ್ಲಿ ಮುಳುಗಿತಲ್ಲ ಎಂದು ಗಂಡನನ್ನು ದುರುಗುಟ್ಟಿ ನೋಡಿದಳು.

“ಇದೇನು ಮರ್ಯಾದೇನಾ?” ವಿಶಾಲಾಕ್ಷಮ್ಮ ಕೆಂಪಗಾಗಿ ಎದ್ದರು. “ಈ ಸಂಬಂಧ...”

ಮುಂದಿನ ಮಾತು ಬರಲಿಲ್ಲ. ರಬ್ಬರ್ ಕೈಯ ಕಣ್ಣಿಗೆ ಮೂಲೆಯ ತಾಂಬೂಲದ ತಟ್ಟೆ ಬಿದ್ದಿತ್ತು. “ಇಷ್ಟೊಂದು ಸೊಪ್ಪು ಉಳಿದಿದೆ!” ಎಂದು ವೀಳ್ಯದೆಲೆಯ ಕಟ್ಟನ್ನೇ ಎತ್ತಿ, ಅರ್ಧ ವಿಶಾಲಾಕ್ಷಮ್ಮನವರ ಬಾಯಿಗೆ, ಅರ್ಧ ಇಂದುಮತಿಯ ಬಾಯಿಗೆ ತುರುಕಿತು!

ಶ್ರೀಕಂಠಯ್ಯ ಬಿದ್ದು ಬಿದ್ದು ನಕ್ಕರು. “ಇಷ್ಟು ವರ್ಷ ಹಾಗಲಕಾಯಿ ತಿಂದಿದ್ದು ನಾನೊಬ್ಬನೇ ಅಂತ ಇವತ್ತು ಗೊತ್ತಾಯ್ತು! ಮೌಳಿಯವರೇ, ನಮಗೂ ಒಂದು ಕೈ ಮಾಡಿಕೊಡಿ!”

ವಿಶಾಲಾಕ್ಷಮ್ಮ ಅಗಿದು ಅಗಿದು ನುಂಗಿದರು; ಹಿಂದೆಯೇ ಕೈ ತುರುಕಿದ ಹಾಗಲಕಾಯಿ ಪಲ್ಯವನ್ನೂ ನುಂಗಿದರು. ಎದುರಿಗೆ ಕೆನ್ನೆಯುಬ್ಬಿಸಿಕೊಂಡು ಕೂತಿದ್ದ ಇಂದುಮತಿಯನ್ನು ಕಂಡದ್ದೇ ಅವರಿಗೂ ನಗು ತಡೆಯಲಾಗಲಿಲ್ಲ.

“ಇವರಿಗೆ ಬಡಿಸಿದ್ರೇ ನನ್ನ ಆರೋಗ್ಯಾನೂ ಸರಿಹೋಗುತ್ತೆ ಅಂದ್ಕೊಂಡಿದ್ದೆ ಕಣ್ರೀ” ಎಂದರು. “ಮೃದುಲ ನಮ್ಮನೆಗೆ ಬರಲಿ. ಆ ಕೈ ಮಾತ್ರ ಇಲ್ಲೇ ಇರಲಿ!”

ಇಂದುಮತಿಗೆ ಹೋದ ಜೀವ ಬಂದಂತಾಯಿತು. ಎಲೆ, ತಟ್ಟೆ ಎಲ್ಲ ಖಾಲಿ. ಯಂತ್ರ ತಾನಾಗಿಯೇ ಆಫ್ ಆಯಿತು. ಬಾಯಿ ಒರೆಸಿಕೊಂಡು ಅವಳು ಗಂಡನ ಕಡೆ ತಿರುಗಿದಳು.

“ರೀ, ಸುಣ್ಣ ಅಡಿಕೆ ಹಾಕೋದು ಕಲಿಸಿರಲಿಲ್ವಾ ಅದಕ್ಕೆ?”