ನನ್ನ ವಾಕಿಂಗು, ಊರಿನ ಉಪಕಾರ

ಬೈಲಹೊಂಗಲದಲ್ಲಿ ಮನುಷ್ಯ ಏನು ಬೇಕಾದರೂ ಮಾಡಬಹುದು, ಸುಮ್ಮನೆ ನಡೆಯುವುದೊಂದನ್ನು ಬಿಟ್ಟು. ಸಕ್ಕರೆ ಕಾಯಿಲೆ ಬಂದಾಗಿನಿಂದ ನನಗೆ ನಡೆಯಲು ಹೋಗಿ ಪೇಚಿಗೆ ಸಿಕ್ಕ ಪ್ರಸಂಗಗಳಿಗೆ ಬರವಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮೋಟರಿನ ಮಷೀನು

ನಾನು ಟೇಲರು. ರಕ್ತ ತಪಾಸಣೆ ಮಾಡಿಸಿದ ಡಾಕ್ಟರು, "ಮೈಗೆ ವ್ಯಾಯಾಮ ಐತೇನ್ರಿ?" ಎಂದು ಕೇಳಿದರು.

"ದಿನಾ ಮಷೀನ್ ತುಳೀತೇನ್ರಿ ಸಾಹೇಬ್ರ," ಎಂದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿಗೆ ಏನು ಅವಸರವಿತ್ತೋ! "ಸುಳ್ಳರೀ, ಅದಕ್ಕ ಮೋಟರ್ ಕುಂಡ್ರಿಸ್ಯಾರ," ಎಂದುಬಿಟ್ಟಳು.

"ಊಟಾದ ಮ್ಯಾಲೆ ನಡೀರಿ. ನಡದ್ರ ಕಾಲಿನ ಸ್ನಾಯು ರಕ್ತದಾಗಿನ ಸಕ್ಕರಿ ಎಳಕೋತಾವ. ಮುಂದಿನ ತಪಾಸಣಿ ಒಳಗ ಇಳೀಲಿಲ್ಲಂದ್ರ ದಿನಾ ಇನ್ಸುಲಿನ್ ಸೂಜಿ," ಎಂದರು ಡಾಕ್ಟರು.

ಸೂಜಿ ಎಂದರೆ ನನಗೆ ಜೀವ ಹೋದಷ್ಟು ಹೆದರಿಕೆ. ಹಾಗೆಂದೇ ಹೇಳಿದೆ. ಅವರು ನನ್ನ ಅಂಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿಗಳನ್ನು ನೋಡಿ ನಕ್ಕರು. ಅಷ್ಟಕ್ಕೇ ಬಿಡದೆ ಕಂಪೌಂಡರನನ್ನೂ ಒಳಗಿಂದ ಕರೆದು ತೋರಿಸಿದರು.

ಹತ್ರಿ, ಹತ್ರಿ

ಮರುದಿನ ಊಟ ಮಾಡಿ ಸವದತ್ತಿ ರಸ್ತೆ ಹಿಡಿದೆ. ಗಿರಾಕಿಯೊಬ್ಬ ಬೈಕು ನಿಲ್ಲಿಸಿದ.

"ಹತ್ರಿ ಟೇಲರ್ ಮಾಮಾ."

"ಬ್ಯಾಡಪಾ, ವಾಕಿಂಗ್ ಹೊಂಟೇನಿ."

"ನನ್ನ ಗಾಡಿ ಇದ್ದೂ ನೀವು ನಡಕೋತ ಹೋಗೂದಂದ್ರ? ನನ್ನ ಮ್ಯಾಲೆ ಸಿಟ್ಟೇನ್ರಿ?"

ನಮ್ಮ ಕಡೆ ಕರೆದವರ ಗಾಡಿ ಹತ್ತದಿದ್ದರೆ ಮಾತು ಬಿಟ್ಟಂತೆಯೇ. ಹತ್ತಿದೆ. ಊರಾಚೆ ಅವನ ಹೊಲದ ಹತ್ತಿರ ಇಳಿಸಿದ. ವಾಪಸಾದರೂ ನಡೆಯೋಣವೆಂದು ತಿರುಗಿದರೆ, ಹಿಂದಿನಿಂದ ಬಂದ ಟಂಟಂ ರಿಕ್ಷಾದ ಡ್ರೈವರ್ ಇಳಿದು, ರಟ್ಟೆ ಹಿಡಿದು ಕೂಡಿಸಿಕೊಂಡು ಮನೆ ಬಾಗಿಲಿಗೇ ತಂದುಬಿಟ್ಟ.

"ಅಷ್ಟ ದೂರ ಹೋಗಿ ಬಂದ್ರೂ ಒಂದ ಹನಿ ಬೆವರಿಲ್ಲ. ಭಾಳ ಗಟ್ಟಿ ಆಗೀರಿ ನೋಡ್ರಿ!" ಎಂದಳು ಹೆಂಡತಿ.

ಒಂದ ಚಮಚಾ

ಗಾಡಿಗಳ ಕಾಟ ಬೇಡವೆಂದು ಓಣಿಯೊಳಗೆ ನಡೆದೆ. ಅಲ್ಲಿ ಚಹಾ. "ಬಾಗಲಾ ದಾಟಿ ಹಂಗ ಹೊಂಟೀರಲ್ಲಾ, ಬರ್ರಿ" ಎಂದು ಪ್ರತಿ ಮನೆಯವರೂ ಕರೆಯುವವರೇ. ಸಕ್ಕರೆ ಬೇಡವೆಂದರೆ, "ಒಂದ ಚಮಚಾಕ್ಕ ಏನಾಗತೈತ್ರಿ? ನಡ್ಯಾಕ ಹತ್ತೀರಲ್ಲ, ಕರಗತೈತಿ!"

ಓಣಿಯ ಮೂಲೆಯ ಚಹಾದಂಗಡಿಯವನೂ ಸಕ್ಕರೆ ಚಹಾ ಹಿಡಿದು ಅಡ್ಡ ನಿಂತಾಗ ಸಿಟ್ಟು ನೆತ್ತಿಗೇರಿತು. "ನನ್ನ ಕೊಲ್ಲಾಕ ಹತ್ತೀರೇನು? ಇನ್ನ ನಾ ಕಾಲು ಹಿಡದು ಬೇಡಿದ್ರೂ ಸಕ್ಕರಿ ಕೊಡಬ್ಯಾಡ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

ಅವನು ಹೆದರಿ, ಉರಿಯುವ ಸ್ಟೋವಿನ ಮುಂದೆ ಕೈಯೆತ್ತಿ ಆಣೆ ಮಾಡಿದ. ಅಂದಿನಿಂದ ಯಾರೂ ಅಡ್ಡ ಬರಲಿಲ್ಲ. ದಿನವೂ ಊಟವಾದ ಮೇಲೆ ಹಾಯಾಗಿ ನಡೆದೆ. ಬೈದರೇ ತಿಳಿಯುತ್ತದೆ ಈ ಜನಕ್ಕೆ!

ಆಣೆ

ತಪಾಸಣೆಯ ಹಿಂದಿನ ದಿನ, ಇನ್ನಷ್ಟು ಇಳಿಯಲಿ ಎಂದು ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಏನೂ ತಿನ್ನದೆ ಬೆಳಿಗ್ಗೆಯೇ ರಭಸದಿಂದ ನಡೆದೆ. ಸಕ್ಕರೆ ಬೇಕಾದ್ದಕ್ಕಿಂತ ಹೆಚ್ಚೇ ಇಳಿಯಿತು. ಕೈ ನಡುಗಿತು, ಬೆವರು ಕಿತ್ತುಕೊಂಡು ಬಂತು. ಹೀಗಾದರೆ ತಕ್ಷಣ ಸಕ್ಕರೆ ತಿನ್ನಬೇಕು, ಇಲ್ಲದಿದ್ದರೆ ಎಚ್ಚರ ತಪ್ಪುತ್ತದೆ ಎಂದು ಡಾಕ್ಟರು ಹೇಳಿದ್ದರು. ಹತ್ತಿರವಿದ್ದದ್ದು ಅದೇ ಚಹಾದಂಗಡಿ. ಹೋಗಿ ಕುಸಿದೆ.

"ಸಕ್ಕರಿ ಕೊಡ್ರಿ..."

ಅವನು ಡಬ್ಬಿಯನ್ನು ಎದೆಗವಚಿಕೊಂಡ. "ಆಣಿ ಮಾಡೇನ್ರಿ ಮಾಮಾ."

"ಜೀವಾ ಹೊಂಟೈತೋ!"

"ಬೇಡಿದ್ರೂ ಕೊಡಬ್ಯಾಡ ಅಂದಾವ್ರು ನೀವರೀ."

ಕಾಲು ಹಿಡಿದೆ. "ನೋಡ್ರಿ, ಹಿಂಗ ಕಾಲು ಹಿಡೀತೇನಂತ ಮೊದಲ ಹೇಳಿದ್ರು!" ಎಂದು ಕುಳಿತವರಿಗೆಲ್ಲ ವಿವರಿಸಿದ.

ಪುಣ್ಯಕ್ಕೆ ಪಕ್ಕದಲ್ಲೇ ಕಬ್ಬಿನ ಟ್ರ್ಯಾಕ್ಟರು ನಿಂತಿತ್ತು. ತೆವಳಿಕೊಂಡು ಹೋಗಿ ಒಂದು ಕಬ್ಬು ಎಳೆದು, ಹಲ್ಲಿನಿಂದಲೇ ಸಿಗಿದು ಜಗಿದೆ. ಜೀವ ಬಂತು.

ಮರುದಿನ ಡಾಕ್ಟರು ಬರಿ ಹೊಟ್ಟೆಯಲ್ಲಿ ನಡೆದದ್ದಕ್ಕೆ ಬೈದರು. ಆದರೂ ಸಕ್ಕರೆ ಹತೋಟಿಗೆ ಬಂದಿದೆ, ಸೂಜಿ ಬೇಡ ಎಂದರು. ಬಿಸಿಲಲ್ಲಿ ನಡೆದವನು ನಾನು! ನನ್ನ ಹೆಂಡತಿ ಮಾತ್ರ ನೆಟ್ಟಗೆ ಚಹಾದಂಗಡಿಗೆ ಹೋಗಿ ಅವನಿಗೆ ಕೈ ಮುಗಿದಳು. "ಅಣ್ಣಾ, ನೀವು ಗಟ್ಟಿಯಾಗಿ ನಿಂತಿದ್ದಕ್ಕ ಇವರ ಜೀವಾ ಉಳೀತು."

ಅಂದು ಸಂಜೆ ಅವನನ್ನು ಮನೆಗೆ ಕರೆದು ಶೇಂಗಾ ಹೋಳಿಗೆ ಬಡಿಸಿದಳು. ನನ್ನೆದುರಿಗೇ ಕುಳಿತು ತಿಂದ. ನಾನು ಕಣ್ಣೆತ್ತಿದಾಗಲೆಲ್ಲ ತಾಟನ್ನು ಆ ಕಡೆ ಸರಿಸಿಕೊಳ್ಳುತ್ತಿದ್ದ.