ಕಾಯಿಲೆಗೆ ಕಪ್ ಕೊಟ್ಟ ಮುಖ್ಯೋಪಾಧ್ಯಾಯರಿಗೆ

ಮಾನ್ಯರೇ,

ಶಿಸ್ತಿಗೆ ಹೆಸರಾದ ತಮ್ಮ ಶಾಲೆಗೂ, ತಮ್ಮ ಬೂಟಿನ ಸದ್ದು ಕೇಳಿದರೆ ಸಾಕು ತೆಪ್ಪಗಾಗುವ ಅದರ ಕಾರಿಡಾರಿಗೂ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿಯೂ ಬ್ರೆಡ್ ಅಂಗಡಿಯ ಕೆಲಸದವಳೂ ಆದ ನನ್ನ ನಮಸ್ಕಾರಗಳು.

ನನ್ನ ಮಗಳಿಗೆ ಮನಸ್ಸು ಮಿತಿಮೀರಿ ಏರಿ ಇಳಿಯುವ ಬೈಪೋಲಾರ್ ಕಾಯಿಲೆ ಇದೆ ಎಂದು ಡಾಕ್ಟರು ಹೇಳುವ ಮೊದಲೇ ಆ ಕಾಯಿಲೆಯನ್ನು ಸನ್ಮಾನಿಸಿದ ಕೀರ್ತಿ ತಮ್ಮದು. ಅವಳು ನಿದ್ದೆಯೇ ಮಾಡದೆ ಇಡೀ ವರ್ಷದ ಗಣಿತ ಮುಗಿಸಿ, ಒಂದು ಪುಟದ ಪ್ರಬಂಧಕ್ಕೆ ಕಟ್ಟುಗಟ್ಟಲೆ ಹಾಳೆ ತುಂಬಿಸಿ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಮೈಕು ಹಿಡಿದು ಭಾಷಣ ಬಿಗಿಯುತ್ತಿದ್ದಾಗ ಮನೆಯಲ್ಲಿ ನಾವು ಕಂಗಾಲಾಗಿದ್ದೆವು. ತಾವು ಮಾತ್ರ ಮೆಚ್ಚಿ, ವರ್ಷದ ಅತ್ಯುತ್ತಮ ಪ್ರಗತಿಗೆಂದು ಕಪ್ ಕೊಟ್ಟಿರಿ. ಇಂಥ ದೊಡ್ಡ ಮನಸ್ಸು ಯಾವ ಆಸ್ಪತ್ರೆಗೂ ಇಲ್ಲ.

ಆಮೇಲೆ ಅದೇ ಹುಡುಗಿ ಹಾಸಿಗೆ ಬಿಟ್ಟೇಳದಾದಳು. ಈಗ ಮಾತ್ರೆ ನುಂಗಿ ಬಂದರೆ ಮೊದಲ ಪೀರಿಯಡ್ಡಿನಲ್ಲಿ ಕಣ್ಣು ಎಳೆಯುತ್ತದೆ, ಬರೆಯುವ ಕೈ ನಡುಗುತ್ತದೆ, ಓದಿದ ಸಾಲು ತಲೆಯಲ್ಲಿ ನಿಲ್ಲದೆ ಮತ್ತೆ ಮೊದಲಿಂದ ಓದಬೇಕಾಗುತ್ತದೆ, ಬಾಯಾರಿಕೆಯಂತೂ ಹೇಳತೀರದು. ಅಷ್ಟು ನೀರು ಕುಡಿದವಳು ಹೊರಗೆ ಹೋಗಲೇಬೇಕಲ್ಲ. ಅದಕ್ಕೆ ತಮ್ಮ ನಿಯಮದಂತೆ, ಶೌಚಕ್ಕೆ ಹೋಗುವವರ ಗುರುತಿಗೆಂದು ತರಗತಿಗೊಂದೇ ಇರುವ ಮರದ ಹಲಗೆಯನ್ನು ಎಲ್ಲರೆದುರು ಕೇಳಿ ಪಡೆದು ಕೊರಳಿಗೆ ನೇತುಹಾಕಿಕೊಳ್ಳಬೇಕು. "ಬಂದಳಪ್ಪ ಹಲಗೆ ರಾಣಿ" ಎಂದು ಮಕ್ಕಳು ನಗುತ್ತಾರಂತೆ. ಅವಳೀಗ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ, ಆ ಮಾತ್ರೆ ನುಂಗುವವರಿಗೆ ಅದು ಅಪಾಯವೆಂದು ಡಾಕ್ಟರು ನನ್ನನ್ನು ಬೈದರು.

ಬಾಗಿಲ ಪಕ್ಕ ಕೂರಿಸಿ, ಬರೆಯಲು ತುಸು ಹೆಚ್ಚು ಸಮಯ ಕೊಡಿ, ಪರೀಕ್ಷೆಯನ್ನು ಮಧ್ಯಾಹ್ನ ಇಡಿ ಎಂಬ ಡಾಕ್ಟರ ಸಲಹೆಯನ್ನು ತಂದರೆ, "ಕಪ್ ಗೆದ್ದವಳಿಗೆ ರಿಯಾಯಿತಿ ಯಾಕಮ್ಮಾ, ಇದು ಬರೀ ಸೋಮಾರಿತನ" ಎಂದು ಅಪ್ಪಣೆಯಾಯಿತು. ಸೋಮವಾರ ಬೆಳಿಗ್ಗೆ ಗಣಿತ ಪರೀಕ್ಷೆ. ಬರೆಯದಿದ್ದರೆ ಇದೇ ತರಗತಿಯಲ್ಲಿ ಇನ್ನೊಂದು ವರ್ಷ. ಅವಳೋ ಇನ್ನು ಶಾಲೆಯ ಕಡೆ ತಲೆಹಾಕುವುದಿಲ್ಲ ಎನ್ನುತ್ತಿದ್ದಾಳೆ.

ಆದಕಾರಣ ನನ್ನ ವಿನಂತಿಯೇನೆಂದರೆ, ತಮ್ಮ ಮಾತಿಗೆ ಎದುರಾಡುವವರು ಯಾರೂ ಇಲ್ಲದಿರುವುದರಿಂದ, ಆ ಕಾಯಿಲೆಯನ್ನೇ ತಮ್ಮ ಕೋಣೆಗೆ ಕರೆಸಿ, ಇನ್ನು ಮುಂದೆ ಬೇಸಿಗೆ ರಜೆಯಲ್ಲಷ್ಟೇ ಬರತಕ್ಕದ್ದು, ಬಂದರೂ ಸಮವಸ್ತ್ರದಲ್ಲಿ ಬರತಕ್ಕದ್ದು ಎಂದು ಗದರಿಸಿ ಕಳಿಸಬೇಕು. ಅದು ಒಪ್ಪದಿದ್ದಲ್ಲಿ ಬಾಗಿಲ ಪಕ್ಕಕ್ಕೆ ಒಂದು ಬೆಂಚು ಎಳೆಸಿದರೂ ನಡೆದೀತು.

ತಮ್ಮ ವಿಶ್ವಾಸಿ ಎಂದು ಬರೆಯುವಷ್ಟು ವಿಶ್ವಾಸ ಇನ್ನೂ ಉಳಿಸಿಕೊಂಡಿರುವ,
ಆ ಹುಡುಗಿಯ ಅಮ್ಮ

ಮರೆತ ಮಾತು: ಪತ್ರಿಕೆಗೆ ಕಳಿಸುವ ಮೊದಲು ಮಗಳ ಒಪ್ಪಿಗೆ ಬೇಕೆಂದು ಇದನ್ನು ಅವಳಿಗೆ ಓದಿ ಹೇಳಿದೆ. "ಕಳಿಸಮ್ಮ. ಆದರೆ ಸರ್ ಒಳ್ಳೆಯವರು, ಅವರಿಗೆ ಗೊತ್ತಿಲ್ಲ ಅಷ್ಟೆ" ಅಂದಳು. ತಾವು ಒಳ್ಳೆಯವರು ಎಂಬುದನ್ನು ಅವಳ ಮಾತಿನ ಮೇಲೆ ನಂಬಿದ್ದೇನೆ. ಗೊತ್ತಿಲ್ಲ ಎನ್ನುವ ಅನುಕೂಲ ಮಾತ್ರ, ಇಷ್ಟು ಓದಿದ ಮೇಲೆ, ತಮಗೆ ಉಳಿದಿಲ್ಲ.