ಒಂದು ಮನೆ, ಒಂದೇ ಮೀಸೆ

ಗಡಿಯಾರ ರಿಪೇರಿಯವರು ಮೀಸೆ ಕಳೆದುಕೊಂಡದ್ದು ಮಗನ ದೆಸೆಯಿಂದ. ಒಂಬತ್ತನೇ ತರಗತಿಯ ಆ ಮಗರಾಯ ಮೂಗಿನ ಕೆಳಗೆ ಹೊಸದಾಗಿ ಮೊಳೆತ ಕಪ್ಪು ಗೆರೆಯನ್ನು ತಿದ್ದಿಕೊಳ್ಳಲು ಅಪ್ಪನ ರೇಜರನ್ನು ಕದ್ದು ಬಳಸಿ, ತಿರುಪು ಬಿಗಿ ಮಾಡದೆ ಇಟ್ಟಿದ್ದ. ಬೆಳಿಗ್ಗೆ ಅಪ್ಪ ಒಂದು ಸಲ ಎಳೆದದ್ದೇ ತಡ, ಬ್ಲೇಡು ಜಾರಿ ಎಡಗಡೆಯ ಮೀಸೆ ಹಾರಿಹೋಯಿತು. ಬಲಗಡೆಯದೊಂದನ್ನು ಇಟ್ಟುಕೊಂಡು ಮಾಡುವುದೇನು? ಅದನ್ನೂ ಬೋಳಿಸಿದರು.

ಮೊದಲೇ ಗಿಡ್ಡ ಆಸಾಮಿ. ಈಗ ಮುಖ ಸಿಪ್ಪೆ ಸುಲಿದ ಮೊಟ್ಟೆಯ ಹಾಗಾಯಿತು.

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ಇದ್ಯಾರು?"

"ನಗಬೇಡ. ನನ್ನ ನೀಲಿ ಅಂಗಿ ಕೊಡು. ಸ್ಕೂಲಲ್ಲಿ ಪಾಲಕರ ಸಭೆ ಇದೆ."

"ಅದನ್ನ ಮಗ ಹಾಕ್ಕೊಂಡು ಹೋದ. ಕೈ ಎತ್ತಿದ್ದಕ್ಕೇ ಅವನ ಯೂನಿಫಾರಂ ಬೆನ್ನ ಮೇಲೆ ಪರ್ ಅಂತ ಹರೀತು. ವರ್ಷಕ್ಕೊಂದು ಗೇಣು ಬೆಳೆದ್ರೆ ಬಟ್ಟೆ ತಾನೇ ಏನು ಮಾಡುತ್ತೆ? ನಿಮ್ಮ ಬೇರೆ ಅಂಗಿಗಳನ್ನೆಲ್ಲ ನೆನೆಹಾಕಿದೀನಿ. ಅವನ ಹೋದ ವರ್ಷದ ಯೂನಿಫಾರಂನ ಬಿಳಿ ಅಂಗಿ ಇದೆ, ನಿಮಗೆ ಸರಿಯಾಗುತ್ತೆ."

ಹೇಳಿ ಹೊಲಿಸಿದ ಹಾಗೆ ಸರಿಯಾಯಿತು. ಅದೇ ಅವರಿಗೆ ಹೆಚ್ಚು ನೋವಾದದ್ದು.

ಮೆಟ್ಟಿಲ ಬಳಿ ಪಕ್ಕದ ಮನೆಯ ಅಜ್ಜಿ ತಡೆದಳು. "ಮಗಾ, ಅಪ್ಪ ಇದಾರಾ?"

"ನಾನೇ ಅಜ್ಜಿ, ಅಪ್ಪ."

"ಹಾಗಾದ್ರೆ ಆಗಲೇ ಗೊಗ್ಗರು ದನಿಯಲ್ಲಿ 'ಬರ್ತೀನಿ' ಅಂತ ಹೋದವರು ಯಾರು?"

ಉತ್ತರಿಸುತ್ತ ನಿಲ್ಲಲು ಹೊತ್ತಿರಲಿಲ್ಲ. ಓಡಿದರು. ಶಾಲೆಯ ಗೇಟಿನಲ್ಲಿ ಆ ವಾರವಷ್ಟೇ ಕೆಲಸಕ್ಕೆ ಸೇರಿದ ಡ್ರಿಲ್ ಮಾಸ್ತರು ಸೀಟಿ ಊದಿದರು.

"ಏಯ್! ಬೆಲ್ ಹೊಡೆದು ಎಷ್ಟೊತ್ತಾಯ್ತು?"

"ಸಾರ್, ನಾನು ಪಾಲಕ. ನನ್ನ ಮಗ ಒಂಬತ್ತನೇ..."

"ಒಂಬತ್ತನೇ ಕ್ಲಾಸಾ? ತಡವಾಗಿ ಬಂದಿದ್ದಲ್ದೆ ತಮಾಷೆ ಬೇರೆ! ನಡಿ!"

ಕಿವಿ ಹಿಡಿದು ಕರೆದೊಯ್ದು ಮುಂದಿನ ಬೆಂಚಿಗೆ ದಬ್ಬಿದರು. ಅಲ್ಲಿ, ಹೊರಗಿನಿಂದ ಬಂದ ಡಾಕ್ಟರಮ್ಮ ಹುಡುಗರಿಗೆ ಮೈ ಬೆಳೆಯುವ ವಿಚಾರ ಹೇಳುತ್ತಿದ್ದರು. "ಅಂಕಲ್!" ಎಂದು ಹಿಂದಿನಿಂದ ಮಗನ ಗೆಳೆಯನೊಬ್ಬ ಪಿಸುಗುಟ್ಟಿದ. ಮಿಕ್ಕವರು ಬಾಯಿಗೆ ಕರವಸ್ತ್ರ ತುರುಕಿಕೊಂಡರು.

"ದನಿ ಒಡೆಯುತ್ತೆ, ಮೊಡವೆ ಏಳುತ್ತೆ, ಬೆವರು ನಾರುತ್ತೆ, ಅಲ್ಲಲ್ಲಿ ಕೂದಲು ಬರುತ್ತೆ. ಎಲ್ಲ ಸಹಜ. ಕೆಲವರಿಗೆ ಬೇಗ, ಕೆಲವರಿಗೆ ತಡ," ಎನ್ನುತ್ತಿದ್ದ ಡಾಕ್ಟರಮ್ಮನ ಕಣ್ಣು ಮುಂದಿನ ಬೆಂಚಿಗೆ ಬಿತ್ತು. "ಎದ್ದು ನಿಲ್ಲಪ್ಪಾ ಪುಟ್ಟ. ನೋಡಿ, ಇವನಿಗಿನ್ನೂ ಎತ್ತರ ಬಂದಿಲ್ಲ, ಮೀಸೆ ಚಿಗುರಿಲ್ಲ. ಅದಕ್ಕೆ ಕೊರಗಬೇಕಾ?"

"ಮೇಡಂ, ಚಿಗುರಿತ್ತು. ಬೆಳಿಗ್ಗೆ ಹೋಯ್ತು."

ತರಗತಿ ಬಿದ್ದು ಬಿದ್ದು ನಕ್ಕಿತು. "ಯಾರೂ ನಗಬಾರದು. ನಾಚಿಕೆಗೆ ಏನೇನೋ ಹೇಳ್ತಿದಾನೆ, ಪಾಪ," ಎಂದು ಡಾಕ್ಟರಮ್ಮ ತಲೆ ಸವರಿ ಕೂರಿಸಿದರು.

ಅಷ್ಟರಲ್ಲಿ ಬಾಗಿಲಲ್ಲಿ ಡ್ರಿಲ್ ಮಾಸ್ತರು ಮತ್ತೆ ಕಾಣಿಸಿಕೊಂಡರು. ಈ ಸಲ ಸೊಂಟ ಬಾಗಿತ್ತು. "ಬನ್ನಿ ಸಾರ್, ದಯವಿಟ್ಟು ಒಳಗೆ ಬನ್ನಿ."

ಒಳಗೆ ಬಂದದ್ದು ನೀಲಿ ಅಂಗಿ. ಅದರೊಳಗೆ ಮಗ.

"ಮೇಡಂ, ಇವರು ಗೇಟಲ್ಲಿ ಸಂಕೋಚದಿಂದ ನಿಂತಿದ್ರು. ನಾನೇ ಸಭೆಗೆ ಕರ್ಕೊಂಡು ಹೋಗಿ ಕೂರಿಸಿದೆ. 'ಬೆಳೆಯೋ ಮಕ್ಕಳನ್ನ ಬೈಬೇಡಿ, ಅವರೇನು ಬೇಕಂತ ಬೆಳೀತಾರಾ' ಅಂತ ಎಷ್ಟು ಚೆನ್ನಾಗಿ ಮಾತಾಡಿದ್ರು ಗೊತ್ತಾ? ಎಲ್ಲರೂ ಸೇರಿ ಇವರನ್ನೇ ಪಾಲಕರ ಸಂಘದ ಅಧ್ಯಕ್ಷರನ್ನಾಗಿ ಮಾಡಿದ್ರು! ಹುಡುಗರಿಗೂ ಎರಡು ಮಾತು ಹೇಳಲಿ ಅಂತ ಕರ್ಕೊಂಡು ಬಂದೆ."

ಅಪ್ಪ ಎದ್ದು ನಿಂತರು. ರಕ್ತ ನೆತ್ತಿಗೇರಿತ್ತು. ಆದರೆ ಮಗನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ನಿಜ ಹೇಳಿದರೆ ಇವನನ್ನು ಶಾಲೆಯಿಂದ ಹೊರಗೆ ಹಾಕುವುದು ಖಂಡಿತ. ಕೈ ಕಟ್ಟಿಕೊಂಡು ಮತ್ತೆ ಬೆಂಚಿನ ಮೇಲೆ ಕೂತರು.

"ಇವನು ನಿಮ್ಮ ಮಗನಾ? ಮುಖ ಅಚ್ಚು ನಿಮ್ಮದೇ," ಎಂದರು ಡಾಕ್ಟರಮ್ಮ.

"ಹೌ... ಹೌದು ಮೇಡಂ." ಮಗನ ದನಿ ನಡುವೆ ಒಡೆದು ಕೀರಲಾಯಿತು.

"ಪಾಪ, ಬೆಳೆದಿಲ್ಲ ಅಂತ ತುಂಬ ಕೊರಗಿದಾನೆ. ಮನೇಲಿ ಹತ್ತಿರ ಕೂರಿಸ್ಕೊಂಡು ಮಾತಾಡಿ."

ಸಂಜೆ ಅಪ್ಪ, ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮನೆ ಹೊಕ್ಕರು. ಹೆಂಡತಿ ಕೇಳಿದಳು, "ಸಭೆ ಹೇಗಾಯ್ತು?"

"ನನ್ನನ್ಯಾಕೆ ಕೇಳ್ತೀಯ? ಅಧ್ಯಕ್ಷರನ್ನ ಕೇಳು."

ಮಗ ಗಂಟಲು ಸರಿಮಾಡಿಕೊಂಡ. "ಅಮ್ಮ, ಡಾಕ್ಟರಮ್ಮ ಮುಂದಿನ ತಿಂಗಳು ಮತ್ತೆ ಬರ್ತಾರಂತೆ. ಅಪ್ಪನ್ನ ತಪ್ಪದೆ ಕರ್ಕೊಂಡು ಬರಬೇಕಂತೆ. ಎಷ್ಟು ಬೆಳೆದಿದಾರೆ ಅಂತ ಅಳೆದು ನೋಡ್ತಾರಂತೆ."